ಓದುಗರ ಪ್ರಶ್ನೆ: ಅಜ್ಜನ ರೇಡಿಯೊದಲ್ಲಿ ಮೊಬೈಲಿನ ಹಾಡು

ಟ್ರಾನ್ಸಿಸ್ಟರುಗಳ ಬದಲು ಗಾಜಿನ ಬಲ್ಬಿನಂಥ ವಾಲ್ವ್‌ಗಳಿಂದ ನಡೆಯುವ ಹಳೆಯ ರೇಡಿಯೊಗಳನ್ನು ಒರೆಸಿ, ಒಣಗಿಸಿ, ಇಲಿ ಜಿರಲೆಗಳಿಂದ ಕಾಪಾಡಿ ಇಡುವುದು ಹೇಗೆಂದು ಹಿಂದೆ ಇದೇ ಅಂಕಣದಲ್ಲಿ ಬರೆದಿದ್ದೆ. ಆ ಮೇಲೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ಮಾತನ್ನು ಬೇರೆ ಬೇರೆ ರೀತಿಯಲ್ಲಿ ಕೇಳಿವೆ. ಮರ್ಫಿ, ಬುಷ್, ಫಿಲಿಪ್ಸ್ ಎಂದು ಹಿರಿಯರು ಹೆಸರಿಟ್ಟು ಕರೆಯುತ್ತಿದ್ದ ಆ ಪೆಟ್ಟಿಗೆಗಳಿಗೆ ಇಂದಿನ ಮೊಬೈಲ್ ಫೋನನ್ನಾಗಲಿ ಬ್ಲೂಟೂತ್ ಉಪಕರಣವನ್ನಾಗಲಿ ಜೋಡಿಸಿ ಹಾಡು ಕೇಳಬಹುದೇ ಎಂಬುದೇ ಆ ಮಾತು. ಕೇಳಬಹುದು, ಬಹಳ ಚೆನ್ನಾಗಿಯೇ ಕೇಳಬಹುದು. ಆದರೆ ವೈರನ್ನು ಎಲ್ಲಿಗೆ ಜೋಡಿಸಬೇಕೆಂದು ಕೇಳುವ ಮೊದಲು ರೇಡಿಯೊದ ಹೊಟ್ಟೆಯಲ್ಲಿ ಟ್ರಾನ್ಸ್‌ಫಾರ್ಮರ್ ಇದೆಯೋ ಇಲ್ಲವೋ ಎಂಬುದನ್ನು ಪ್ರತಿಯೊಬ್ಬರೂ ನೋಡಿಕೊಳ್ಳಲೇಬೇಕು. ಅದಿಲ್ಲದ ರೇಡಿಯೊದ ಒಳಗಿನ ಲೋಹಕ್ಕೆ ಗೋಡೆಯ ಕರೆಂಟು ನೇರವಾಗಿ ಬರಬಹುದು. ಇದು ಜೀವದ ಪ್ರಶ್ನೆಯಾದ್ದರಿಂದ ಕೆಳಗಿನ ಉತ್ತರಗಳಲ್ಲಿ ಅದನ್ನೇ ಮತ್ತೆ ಮತ್ತೆ ಹೇಳಿದ್ದೇನೆ.

ಪ್ರಶ್ನೆ: ಹಳೇ ಬಾಗಲಕೋಟೆಯಲ್ಲಿದ್ದ ನಮ್ಮ ಮನೆ ಆಲಮಟ್ಟಿ ಹಿನ್ನೀರಿನ ಮುಳುಗಡೆಗೆ ಹೋದಾಗ ನವನಗರಕ್ಕೆ ತಂದ ಸಾಮಾನುಗಳಲ್ಲಿ ನಮ್ಮ ಅಜ್ಜನವರ ವಾಲ್ವ್ ರೇಡಿಯೊ ಕೂಡ ಇದೆ. ಅಂದಿನಿಂದ ಅದು ಅಟ್ಟದ ಮೇಲೆಯೇ ಇತ್ತು. ಹಿಂಬದಿಯ ರಟ್ಟು ತೆಗೆದು ನೋಡಿದರೆ ವಾಲ್ವ್‌ಗಳ ಮೇಲೆ ಇಸಿಎಚ್ 81, ಇಬಿಎಫ್ 89, ಇಸಿಎಲ್ 82, ಇಝಡ್ 80 ಎಂದು ಬರೆದಿದೆ. ರಟ್ಟಿನ ಮೇಲೆ ‘ಪಿ.ಯು.’ ಎಂದು ಬರೆದಿರುವ ಜೋಡಿ ತೂತುಗಳಿವೆ. ಇವಕ್ಕೆ ನನ್ನ ಮೊಬೈಲನ್ನು ಜೋಡಿಸಿ ವಚನ ಸಂಗೀತ ಕೇಳಬೇಕೆಂಬುದು ನಮ್ಮ ತಾಯಿಯವರ ಆಸೆ. ಹೇಗೆ ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ವಾಲ್ವ್‌ಗಳ ಹೆಸರುಗಳನ್ನು ತಪ್ಪಿಲ್ಲದೆ ಬರೆದಿರುವುದರಿಂದ ನನ್ನ ಅರ್ಧ ಕೆಲಸ ಹಗುರವಾಗಿದೆ. ಈ ಹೆಸರುಗಳ ಮೊದಲ ಅಕ್ಷರವಾದ ‘ಇ’ ಎಂಬುದು ಆ ವಾಲ್ವ್‌ನ ಒಳಗಿನ ತಂತಿ 6.3 ವೋಲ್ಟಿನಲ್ಲಿ ಬಿಸಿಯಾಗುತ್ತದೆ ಎಂಬುದನ್ನು ಸೂಚಿಸುತ್ತದೆ. ಮನೆಯ ಕರೆಂಟಿನಿಂದ 6.3 ವೋಲ್ಟ್ ಪಡೆಯಲು ಟ್ರಾನ್ಸ್‌ಫಾರ್ಮರ್ ಬೇಕಾಗುವುದರಿಂದ ನಿಮ್ಮದು ಬಹುತೇಕ ಟ್ರಾನ್ಸ್‌ಫಾರ್ಮರ್ ಇರುವ ರೇಡಿಯೊ ಆಗಿರಬೇಕು. ಇಝಡ್ 80 ವಾಲ್ವ್‌ನ ಹತ್ತಿರ ಚಾಸಿಯ (ವಾಲ್ವ್‌ಗಳನ್ನು ಕೂರಿಸಿರುವ ಲೋಹದ ತಟ್ಟೆಯ) ಮೇಲೆ ಅಂಗೈಯಷ್ಟು ಅಗಲದ, ಕಬ್ಬಿಣದ ಪಟ್ಟಿಗಳನ್ನು ಒತ್ತಾಗಿ ಜೋಡಿಸಿದ ಭಾರವಾದ ಗಟ್ಟಿ ಇದ್ದರೆ ಅದೇ ಟ್ರಾನ್ಸ್‌ಫಾರ್ಮರ್. ಆದರೂ ಕಣ್ಣನ್ನು ಮಾತ್ರ ನಂಬಬೇಡಿ. ಪ್ಲಗ್ಗನ್ನು ಗೋಡೆಯಿಂದ ಕಿತ್ತು ಕೈಯಲ್ಲಿ ಹಿಡಿದುಕೊಂಡು, ರೇಡಿಯೊದ ಸ್ವಿಚ್ಚನ್ನು ‘ಆನ್’ ಮಾಡಿ, ಮಲ್ಟಿಮೀಟರನ್ನು ಓಮ್ ಅಳತೆಗೆ ಇಟ್ಟು, ಪ್ಲಗ್ಗಿನ ಎರಡೂ ಪಿನ್ನುಗಳಿಂದ ಚಾಸಿಗೆ ಒಂದೊಂದಾಗಿ ಅಳೆಯಿರಿ. ಎರಡೂ ಕಡೆ ಮೀಟರು ಏನನ್ನೂ ತೋರಿಸದಿದ್ದರೆ ಒಳ್ಳೆಯದು; ಯಾವುದಾದರೂ ಒಂದು ಕಡೆ ಕೆಲವೇ ಓಮ್ ತೋರಿಸಿದರೆ ಅಲ್ಲಿಗೇ ನಿಲ್ಲಿಸಿ, ಮುಂದಿನ ಪ್ರಶ್ನೆಯ ಉತ್ತರವನ್ನು ಓದಿ.

ಇನ್ನೊಂದು ಮಾತು. ಇಷ್ಟು ವರ್ಷ ಅಟ್ಟದ ಮೇಲಿದ್ದ ರೇಡಿಯೊದ ಪ್ಲಗ್ಗನ್ನು ‘ಒಂದು ಸಲ ನೋಡೋಣ’ ಎಂದು ನೇರವಾಗಿ ಗೋಡೆಗೆ ಚುಚ್ಚಬೇಡಿ. ಆ ಕಾಲದ ಕಾಗದದ ಕಂಡೆನ್ಸರುಗಳ (ಈಗ ಕೆಪಾಸಿಟರ್ ಎನ್ನುತ್ತಾರೆ) ಮೇಲೆ ಮೇಣ ಸುರಿದಿರುತ್ತಿದ್ದರು. ವರ್ಷಗಳು ಕಳೆದಂತೆ ಒಳಗಿನ ಕಾಗದ ತೇವ ಹೀರಿಕೊಂಡು ಕರೆಂಟನ್ನು ಸೋರಗೊಡುತ್ತದೆ. ಚಾಸಿಯನ್ನು ಬೋರಲು ಹಾಕಿ ನೋಡಿದರೆ ಕಂದು ಬಣ್ಣದ ಮೇಣ ಕರಗಿ, ತೊಟ್ಟಿಕ್ಕಿ, ಅದರ ಮೇಲೆ ಧೂಳು ಕೂತು ಗಟ್ಟಿಯಾದ ಕಂಡೆನ್ಸರುಗಳು ಒಂದೆರಡಾದರೂ ಕಂಡೇ ಕಾಣುತ್ತವೆ. ಇವುಗಳಲ್ಲೆಲ್ಲ ಮುಖ್ಯವಾದದ್ದು ಕೊನೆಯ ವಾಲ್ವ್‌ಗೆ ಧ್ವನಿಯನ್ನು ದಾಟಿಸುವ ಕಂಡೆನ್ಸರು. ಅದರ ಒಂದು ತುದಿಯಲ್ಲಿ ನೂರಕ್ಕೂ ಮಿಕ್ಕಿದ ವೋಲ್ಟ್ ಇರುತ್ತದೆ, ಇನ್ನೊಂದು ತುದಿಯಲ್ಲಿ ಸೊನ್ನೆ ಇರಬೇಕು. ಕಂಡೆನ್ಸರು ಸೋರಿದರೆ ಆ ವೋಲ್ಟೇಜು ವಾಲ್ವ್‌ನ ಗ್ರಿಡ್ಡಿಗೆ, ಎಂದರೆ ಧ್ವನಿ ಒಳಬರುವ ಕಾಲಿಗೆ, ಹರಿದು, ವಾಲ್ವ್ ತನ್ನ ಶಕ್ತಿಗೆ ಮೀರಿ ಕರೆಂಟು ಎಳೆದು, ಒಳಗಿನ ಲೋಹದ ತಗಡು ಕೆಂಪಾಗಿ ಹೊಳೆಯತೊಡಗುತ್ತದೆ. ಸ್ವಲ್ಪ ಹೊತ್ತಿನಲ್ಲಿ ವಾಲ್ವ್‌ನಿಂದ ಸ್ಪೀಕರಿಗೆ ಧ್ವನಿ ಕೊಡುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುತ್ತದೆ. ಹತ್ತು ಇಪ್ಪತ್ತು ರೂಪಾಯಿಯ ಒಂದು ಕಂಡೆನ್ಸರಿನಿಂದಾಗಿ, ಮತ್ತೆ ಸಿಗಲಾರದ ಒಂದು ಟ್ರಾನ್ಸ್‌ಫಾರ್ಮರನ್ನು ಕಳೆದುಕೊಂಡ ಮನೆಗಳನ್ನು ನಾನು ಕಂಡಿದ್ದೇನೆ. ಆದ್ದರಿಂದ ಆ ಒಂದನ್ನು ಕೇಳದೆಯೇ ಬದಲಿಸಿ. ಹಳೆಯದರ ಮೇಲೆ ಬರೆದಷ್ಟೇ ಮೈಕ್ರೋಫ್ಯಾರಡ್ ಅಳತೆಯ, 630 ವೋಲ್ಟ್ ತಡೆಯುವ ಪಾಲಿಯೆಸ್ಟರ್ ಕಂಡೆನ್ಸರು ಸಾಕು. ಬದಲಿಸಿದ ಮೇಲೆ ನಿಮ್ಮ ಕೊನೆಯ ವಾಲ್ವ್ ಆದ ಇಸಿಎಲ್ 82ರ ಗ್ರಿಡ್ಡಿಗೂ, ಎಂದರೆ 3ನೆಯ ಕಾಲಿಗೂ ಚಾಸಿಗೂ ನಡುವೆ ಮೆಕ್ಯಾನಿಕರಿಂದ ವೋಲ್ಟೇಜು ಅಳೆಯಿಸಿ. ಅಲ್ಲಿ ಧನ ವೋಲ್ಟೇಜು ಕಾಣಬಾರದು. ಕರೆಂಟನ್ನು ಸೋಸುವ ದೊಡ್ಡ ಎಲೆಕ್ಟ್ರೋಲಿಟಿಕ್ ಕಂಡೆನ್ಸರು ಉಬ್ಬಿದ್ದರೆ ಅಥವಾ ಬಾಯಿಯ ಬಳಿ ಬಿಳಿ ಪುಡಿ ಕಟ್ಟಿದ್ದರೆ ಅದನ್ನೂ 450 ವೋಲ್ಟಿನ ಹೊಸದರಿಂದ ಬದಲಿಸಬೇಕು.

ಮೊದಲ ಸಲ ಕರೆಂಟು ಕೊಡುವಾಗ ಸೀರೀಸ್ ಬಲ್ಬ್ ಬಳಸಿ, ಎಂದರೆ ಕರೆಂಟು ಒಂದು ಬಲ್ಬಿನ ಮೂಲಕವೇ ರೇಡಿಯೊಗೆ ಹೋಗಲಿ. ನಮ್ಮ ಭಾಗದ ಯಾವ ರಿಪೇರಿ ಅಂಗಡಿಯಲ್ಲಾದರೂ ಹಲಗೆಯ ಮೇಲೆ ಒಂದು ಹೋಲ್ಡರು, ಒಂದು ಸಾಕೆಟ್ಟು ಇರುವ ಆ ಬೋರ್ಡು ಇದ್ದೇ ಇರುತ್ತದೆ. ಅದರಲ್ಲಿ 60 ವ್ಯಾಟಿನ ಹಳೆಯ ತಂತಿಯ ಬಲ್ಬು ಇರಬೇಕು, ಎಲ್‌ಇಡಿ ಬಲ್ಬಿನಿಂದ ಈ ಕೆಲಸ ಆಗದು. ಬಲ್ಬು ಒಮ್ಮೆ ಉರಿದು ನಂತರ ಮಂಕಾದರೆ ಒಳಗೆ ಶಾರ್ಟ್ ಇಲ್ಲವೆಂದು ತಿಳಿಯಬಹುದು. ಪೂರ್ತಿ ಬೆಳಕಿನಲ್ಲಿ ಉರಿಯುತ್ತಲೇ ಇದ್ದರೆ ಕೂಡಲೇ ಆರಿಸಬೇಕು. ಹಿಂಬದಿಯಲ್ಲಿ 110, 220, 240 ಎಂದು ವೋಲ್ಟೇಜು ಆರಿಸುವ ಬಿರಡೆ ಇದ್ದರೆ ಅದನ್ನು ಅತಿ ಹೆಚ್ಚಿನ ಅಂಕಿಗೆ ತಿರುಗಿಸಿಡಿ, ಏಕೆಂದರೆ ಈಗ ನಮ್ಮ ಮನೆಗಳಿಗೆ ಬರುವ ಕರೆಂಟು 230 ವೋಲ್ಟಿನದು.

ಇಷ್ಟಾದ ಮೇಲೆ ಮೊಬೈಲು ಜೋಡಿಸುವುದು ಬಹಳ ಸುಲಭ. ‘ಪಿ.ಯು.’ ಎಂದರೆ ಪಿಕಪ್, ಅಂದರೆ ಗ್ರಾಮಫೋನಿನ ಸೂಜಿಯಿಂದ ಬರುವ ಧ್ವನಿಗಾಗಿ ಇಟ್ಟ ಜಾಗ. ಅಂದಿನ ಕ್ರಿಸ್ಟಲ್ ಪಿಕಪ್ಪು ಕೊಡುತ್ತಿದ್ದದ್ದೂ ಇಂದಿನ ಮೊಬೈಲು ಹೆಡ್‌ಫೋನಿಗೆ ಕೊಡುವುದೂ ಹೆಚ್ಚು ಕಡಿಮೆ ಅರ್ಧ ವೋಲ್ಟಿನ ಆಸುಪಾಸಿನ ಧ್ವನಿಯನ್ನೇ, ಹಾಗಾಗಿ ಇವೆರಡಕ್ಕೂ ತಾನಾಗಿಯೇ ಹೊಂದಿಕೆಯಾಗುತ್ತದೆ. ಮೊಬೈಲು ಎಡ ಬಲ ಎಂದು ಎರಡು ಧ್ವನಿಗಳನ್ನು ಕೊಡುತ್ತದೆ, ರೇಡಿಯೊಗೆ ಇರುವುದು ಒಂದೇ ಕಿವಿ. ಎಡ ಬಲದ ಎರಡು ವೈರುಗಳನ್ನು ನೇರವಾಗಿ ಹೊಸೆದುಬಿಟ್ಟರೆ ಮೊಬೈಲಿನೊಳಗಿನ ಎರಡು ಆಂಪ್ಲಿಫೈಯರುಗಳು ಒಂದನ್ನೊಂದು ತಳ್ಳಾಡುತ್ತವೆ. ಧ್ವನಿ ಕೆಡುತ್ತದೆ, ಮೊಬೈಲಿಗೂ ಒಳ್ಳೆಯದಲ್ಲ. ಅದಕ್ಕಾಗಿ 3.5 ಮಿಲಿಮೀಟರ್ ಪಿನ್ನಿನ ತುದಿಯಿಂದ ಬರುವ ಎಡಗಡೆಯ ವೈರಿಗೊಂದು, ನಡುವಿನ ಉಂಗುರದಿಂದ ಬರುವ ಬಲಗಡೆಯ ವೈರಿಗೊಂದು, 1 ಕಿಲೋಓಮಿನಿಂದ 4.7 ಕಿಲೋಓಮಿನವರೆಗಿನ ಯಾವುದಾದರೂ ಒಂದೇ ಅಳತೆಯ ರೆಸಿಸ್ಟರು ಬೆಸೆದು, ಅವೆರಡರ ಇನ್ನೊಂದು ತುದಿಗಳನ್ನು ಕೂಡಿಸಿ. ಕೂಡಿಸಿದ ಜಾಗದಿಂದ 0.1 ಮೈಕ್ರೋಫ್ಯಾರಡ್, 630 ವೋಲ್ಟಿನ ಒಂದು ಕಂಡೆನ್ಸರಿನ ಮೂಲಕ ‘ಪಿ.ಯು.’ ತೂತುಗಳಲ್ಲಿ ಒಂದಕ್ಕೆ ವೈರು ಕೊಡಿ. ಪಿನ್ನಿನ ಬುಡಕ್ಕೆ ಸೇರಿದ ವೈರನ್ನು, ಎಂದರೆ ಜಾಳಿಗೆಯಂತೆ ಹೆಣೆದ ಹೊರಸುತ್ತನ್ನು, ಇನ್ನೊಂದು ತೂತಿಗೆ ಕೊಡಿ. ಆ ತೂತಿನಿಂದ ಚಾಸಿಗೆ ಮೀಟರಿನಲ್ಲಿ ಸೊನ್ನೆ ಓಮ್ ಬರಬೇಕು. ಎರಡನ್ನೂ ಅದಲು ಬದಲು ಮಾಡಿದರೆ ಗುಂಯ್ ಎಂಬ ಸದ್ದು ಕೋಣೆ ತುಂಬುತ್ತದೆ. ವೈರು ಶೀಲ್ಡ್ ಇರುವಂಥದ್ದೇ ಆಗಿರಲಿ, ಗಜ ಎರಡು ಗಜಕ್ಕಿಂತ ಉದ್ದ ಬೇಡ. ಹೆಡ್‌ಫೋನ್ ತೂತು ಇಲ್ಲದ ಮೊಬೈಲಾದರೆ ಚಾರ್ಜಿಂಗ್ ಬಾಯಿಗೆ ಹಾಕುವ ಆಡಿಯೊ ಡಾಂಗಲ್ ಕೊಳ್ಳಬೇಕಾಗುತ್ತದೆ. ಕೊನೆಗೆ ರೇಡಿಯೊದ ಬ್ಯಾಂಡ್ ಗುಂಡಿಯನ್ನು ಗ್ರಾಮಫೋನಿನ ಚಿತ್ರವಿರುವ ಕಡೆಗೆ ತಿರುಗಿಸಿ, ವಾಲ್ವ್‌ಗಳು ಬಿಸಿಯಾಗಲು ಅರ್ಧ ನಿಮಿಷ ಬಿಟ್ಟು, ನಿಮ್ಮ ತಾಯಿಯವರನ್ನು ಕರೆದು ಕೂರಿಸಿ.

ಪ್ರಶ್ನೆ: ವಿಜಯಪುರದ ಗುಜರಿ ಅಂಗಡಿಯೊಂದರಲ್ಲಿ ಚಿಕ್ಕ ಬೇಕಲೈಟ್ ರೇಡಿಯೊ ಸಿಕ್ಕಿತು. ಯುಸಿಎಚ್ 81, ಯುಬಿಎಫ್ 89, ಯುಸಿಎಲ್ 82, ಯುವೈ 85 ವಾಲ್ವ್‌ಗಳಿವೆ. ಸ್ಟೇಷನ್ನುಗಳು ಬರುತ್ತವೆ. ಆದರೆ ಗುಂಡಿಯ ಪಕ್ಕದ ಸಣ್ಣ ಸ್ಕ್ರೂ ಮುಟ್ಟಿದರೆ ಒಮ್ಮೊಮ್ಮೆ ಜುಂ ಎನ್ನುತ್ತದೆ, ಪ್ಲಗ್ಗನ್ನು ತಿರುಗಿಸಿ ಹಾಕಿದರೆ ಏನೂ ಆಗುವುದಿಲ್ಲ. ಇದಕ್ಕೆ ಮೊಬೈಲ್ ಜೋಡಿಸಲು ವಾಲ್ಯೂಮ್ ಕಂಟ್ರೋಲಿಗೆ ವೈರು ಬೆಸೆಯಬಹುದೆಂದು ಒಬ್ಬರು ಹೇಳಿದರು.

ಉತ್ತರ: ದಯವಿಟ್ಟು ಬೆಸೆಯಬೇಡಿ. ಈ ಉತ್ತರವನ್ನು ಓದಿ ಮುಗಿಸುವ ಮೊದಲೇ ರೇಡಿಯೊದ ಪ್ಲಗ್ಗನ್ನು ಗೋಡೆಯಿಂದ ತೆಗೆದಿಡಿ. ನಿಮ್ಮ ಬೆರಳಿಗೆ ತಾಗಿದ ಆ ಜುಂ ಎಂಬುದೇ ಮನೆಯ ಕರೆಂಟು.

‘ಯು’ ಎಂದು ಆರಂಭವಾಗುವ ವಾಲ್ವ್‌ಗಳ ಒಳತಂತಿಗಳನ್ನು ಒಂದರ ಹಿಂದೊಂದು ಸಾಲಾಗಿ ಜೋಡಿಸಿ, 100 ಮಿಲಿಆಂಪಿಯರ್ ಕರೆಂಟಿನಲ್ಲಿ ನೇರವಾಗಿ ಗೋಡೆಯ ಕರೆಂಟಿಗೇ ಕೊಟ್ಟಿರುತ್ತಾರೆ. ಕೆಲವು ಊರುಗಳಲ್ಲಿ ಎಸಿ, ಕೆಲವು ಊರುಗಳಲ್ಲಿ ಡಿಸಿ ಕರೆಂಟು ಇದ್ದ ಕಾಲದಲ್ಲಿ ಎರಡಕ್ಕೂ ನಡೆಯಲೆಂದು, ಕಡಿಮೆ ಬೆಲೆಗೆ ಸಿಗಲೆಂದು ಮಾಡಿದ ಉಪಾಯವಿದು. ಟ್ರಾನ್ಸ್‌ಫಾರ್ಮರ್ ಇಲ್ಲದ್ದರಿಂದ ಗೋಡೆಯಿಂದ ಬರುವ ಎರಡು ವೈರುಗಳಲ್ಲಿ ಒಂದನ್ನು ಸಾಮಾನ್ಯವಾಗಿ ಚಾಸಿಗೇ ಕೂಡಿಸಿರುತ್ತಾರೆ. ಪ್ಲಗ್ಗು ಒಂದು ಬದಿಯಲ್ಲಿ ಕೂತರೆ ಚಾಸಿಗೆ ನ್ಯೂಟ್ರಲ್ ಬರುತ್ತದೆ, ತಿರುವಿ ಹಾಕಿದರೆ ಅದೇ ಚಾಸಿಯ ಮೇಲೆ ಇಡೀ 230 ವೋಲ್ಟ್ ಬಂದು ಕೂರುತ್ತದೆ. ಹಾಗಾದರೆ ಸರಿಯಾದ ಬದಿಗೆ ಹಾಕಿ ಗುರುತು ಮಾಡಿಟ್ಟರೆ ಸಾಲದೇ ಎಂದು ನೀವು ಕೇಳಬಹುದು. ಸಾಲದು. ನಮ್ಮ ಹಳೆಯ ಮನೆಗಳ ಸಾಕೆಟ್ಟುಗಳಲ್ಲಿ ಫೇಸ್, ನ್ಯೂಟ್ರಲ್ ಅದಲು ಬದಲಾಗಿರುವುದು ಅಪರೂಪವಲ್ಲ. ಅಲ್ಲದೆ ರೇಡಿಯೊದ ಸ್ವಿಚ್ಚು ನ್ಯೂಟ್ರಲ್ ವೈರಿನಲ್ಲಿದ್ದರೆ, ಅದನ್ನು ಆರಿಸಿದಾಗ ವಾಲ್ವ್‌ಗಳ ಒಳತಂತಿಗಳ ಮೂಲಕ ಫೇಸು ಚಾಸಿಗೆ ಬರುತ್ತದೆ, ಅಂದರೆ ‘ಆಫ್’ ಆಗಿರುವ ರೇಡಿಯೊವೇ ಹೆಚ್ಚು ಅಪಾಯಕಾರಿ. ಇದೇ ಕಾರಣಕ್ಕೆ ತಯಾರಕರು ಗುಂಡಿಗಳ ಸಣ್ಣ ಸ್ಕ್ರೂಗಳನ್ನು ಆಳದಲ್ಲಿ ಕೂರಿಸಿ, ಮೇಲೆ ಮೇಣ ತುಂಬಿ ಮುಚ್ಚುತ್ತಿದ್ದರು. ನಿಮ್ಮ ಗುಂಡಿಯ ತೂತಿನಲ್ಲಿ ಆ ಮೇಣ ಉದುರಿಹೋಗಿದೆ, ಅದಕ್ಕೇ ಬೆರಳಿಗೆ ಕರೆಂಟು ತಾಗಿದೆ.

ಇಂಥ ರೇಡಿಯೊದ ವಾಲ್ಯೂಮ್ ಕಂಟ್ರೋಲಿಗೆ ಬೆಸೆದ ವೈರಿನ ಹೊರಸುತ್ತು ಚಾಸಿಗೆ ಸೇರುತ್ತದೆ, ಚಾಸಿ ಗೋಡೆಯ ಕರೆಂಟಿಗೆ ಸೇರಿದೆ, ವೈರಿನ ಇನ್ನೊಂದು ತುದಿಯ ಲೋಹದ ಪಿನ್ನು ನಿಮ್ಮ ಮೊಬೈಲಿನಲ್ಲಿದೆ, ಮೊಬೈಲು ನಿಮ್ಮ ಕೈಯಲ್ಲಿದೆ. ಮೊದಲ ಉತ್ತರದಲ್ಲಿ ಹೇಳಿದ 630 ವೋಲ್ಟಿನ ಕಂಡೆನ್ಸರು ಹಾಕಿದರೂ ಇಲ್ಲಿ ರಕ್ಷಣೆ ಇಲ್ಲ, ಏಕೆಂದರೆ ಅದು ಒಳಗಿನ ಧ್ವನಿಯ ವೈರಿನಲ್ಲಿ ಇರುತ್ತದೆಯೇ ಹೊರತು ಚಾಸಿಗೆ ಸೇರಿದ ಹೊರಸುತ್ತಿನಲ್ಲಿ ಅಲ್ಲ.

ಇದಕ್ಕೆ ನಾನು ಒಪ್ಪುವ ದಾರಿಗಳು ಎರಡೇ. ಮೊದಲನೆಯದು, ಗೋಡೆಗೂ ರೇಡಿಯೊಗೂ ನಡುವೆ 230 ವೋಲ್ಟಿನಿಂದ 230 ವೋಲ್ಟಿಗೆ ಕೊಡುವ, ಎರಡು ಬೇರೆ ಬೇರೆ ಸುತ್ತುಗಳಿರುವ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಇಡುವುದು. ಇಷ್ಟು ಸಣ್ಣ ರೇಡಿಯೊಗೆ 100 ವಿಎ ಸಾಮರ್ಥ್ಯದ್ದು ಸಾಕು, ಟ್ರಾನ್ಸ್‌ಫಾರ್ಮರ್ ಸುತ್ತಿಕೊಡುವವರಲ್ಲಿ ಹೇಳಿ ಮಾಡಿಸಬಹುದು. ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಿ ಹೇಳಲೇಬೇಕು. ವೋಲ್ಟೇಜು ಏರಿಳಿಯುವ ನಮ್ಮ ಊರುಗಳಲ್ಲಿ ಫ್ರಿಜ್ಜು, ಟಿವಿಗಳಿಗೆ ಇಡುವ ಸ್ಟೆಬಿಲೈಸರಿನಲ್ಲಿಯೂ ಟ್ರಾನ್ಸ್‌ಫಾರ್ಮರ್ ಇದೆಯಲ್ಲ, ಅದರ ಮೂಲಕ ಕೊಟ್ಟರಾಯಿತು ಎಂದು ಹಲವರು ನಂಬಿದ್ದಾರೆ. ಅದರೊಳಗೆ ಇರುವುದು ಸಾಮಾನ್ಯವಾಗಿ ಒಂದೇ ಸುತ್ತಿನ ಆಟೊ ಟ್ರಾನ್ಸ್‌ಫಾರ್ಮರ್. ಒಂದು ಕಡೆಯ ವೈರು ಇನ್ನೊಂದು ಕಡೆಗೆ ನೇರವಾಗಿ ಸೇರಿಯೇ ಇರುತ್ತದೆ, ಆದ್ದರಿಂದ ಅದರಿಂದ ಯಾವ ರಕ್ಷಣೆಯೂ ಇಲ್ಲ. ಗುಂಡಿ ತಿರುಗಿಸಿ ವೋಲ್ಟೇಜು ಬದಲಿಸುವ ಡಿಮ್ಮರ್‌ಸ್ಟಾಟ್ ಕೂಡ ಹಾಗೆಯೇ.

ಎರಡನೆಯದು, ಬ್ಲೂಟೂತ್ ರಿಸೀವರನ್ನೂ ಅದಕ್ಕೆ 5 ವೋಲ್ಟ್ ಕೊಡುವ ಚಾರ್ಜರನ್ನೂ ರೇಡಿಯೊದ ಪೆಟ್ಟಿಗೆಯೊಳಗೇ ಕೂರಿಸಿ, ಯಾವ ವೈರಾಗಲಿ ಲೋಹವಾಗಲಿ ಹೊರಗೆ ಬಾರದಂತೆ ಹಿಂಬದಿಯ ರಟ್ಟನ್ನು ಸ್ಕ್ರೂ ಹಾಕಿ ಮುಚ್ಚುವುದು. ಆಗ ಮೊಬೈಲಿಗೂ ರೇಡಿಯೊಗೂ ನಡುವೆ ಗಾಳಿಯಲ್ಲದೆ ಬೇರೆ ಸಂಬಂಧ ಇರುವುದಿಲ್ಲ. ಇದನ್ನು ವಾಲ್ವ್ ರೇಡಿಯೊ ತಿಳಿದ ಮೆಕ್ಯಾನಿಕರಿಂದಲೇ ಮಾಡಿಸಬೇಕು, ವಾಲ್ವ್‌ಗಳ ಬಿಸಿ ತಾಗದ ಮೂಲೆಯಲ್ಲಿ ಕೂರಿಸಬೇಕು. ಪೇಟೆಯಲ್ಲಿ ಸಿಗುವ ಬೆಂಕಿಪೊಟ್ಟಣದ ಗಾತ್ರದ ಆಡಿಯೊ ಟ್ರಾನ್ಸ್‌ಫಾರ್ಮರನ್ನು ನಡುವೆ ಹಾಕಿದರೆ ಸಾಕೆಂದು ಕೆಲವರು ಹೇಳುತ್ತಾರೆ. ಅದರ ತೆಳುವಾದ ಇನ್ಸುಲೇಶನ್ ಗೋಡೆಯ ಕರೆಂಟನ್ನು ತಡೆಯಲೆಂದು ಮಾಡಿದ್ದಲ್ಲ. ಅದನ್ನು ನಂಬಿ ಮೊಬೈಲನ್ನು ಮಕ್ಕಳ ಕೈಗೆ ಕೊಡಲು ನನಗಂತೂ ಧೈರ್ಯವಿಲ್ಲ.

ನಿಮ್ಮದೇ ಮಾತನ್ನು ಇನ್ನೂ ಕೆಲವರು ಬೇರೆ ವಾಲ್ವ್‌ಗಳ ಹೆಸರಿನಲ್ಲಿ ಕೇಳಿದ್ದಾರೆ. 12ಬಿಇ6, 12ಬಿಎ6, 35ಡಬ್ಲ್ಯು4, 50ಸಿ5 ಎಂಬಂಥ ಅಮೆರಿಕನ್ ಹೆಸರುಗಳಿದ್ದರೆ ಆ ಮೊದಲ ಅಂಕಿಯೇ ಒಳತಂತಿಯ ವೋಲ್ಟೇಜು. 12, 35, 50 ಎಂದು ಒಂದೇ ರೇಡಿಯೊದಲ್ಲಿ ಬೇರೆ ಬೇರೆ ಅಂಕಿಗಳು ಕಂಡರೆ ಅವನ್ನು ಸಾಲಾಗಿ ಜೋಡಿಸಲಾಗಿದೆ ಎಂದೇ ಅರ್ಥ. ಮೇಲಿನ ಎಚ್ಚರಿಕೆಗಳೆಲ್ಲ ಅವಕ್ಕೂ ಸಲ್ಲುತ್ತವೆ. ಕೆಲವು ‘ಯು’ ರೇಡಿಯೊಗಳಲ್ಲಿ ಚಾಸಿಗೂ ಕರೆಂಟಿಗೂ ನಡುವೆ ಒಂದು ಕಂಡೆನ್ಸರು ಇರುವುದರಿಂದ ಓಮ್ ಮೀಟರು ಏನನ್ನೂ ತೋರಿಸದೆ ಮೋಸ ಮಾಡಬಹುದು. ಮೀಟರು ಏನೇ ಹೇಳಲಿ, ವಾಲ್ವ್‌ನ ಹೆಸರನ್ನು ಓದದೆ ಮುಂದುವರಿಯಬೇಡಿ.

ಪ್ರಶ್ನೆ: ಬೆಳಗಾವಿಯ ಶಹಾಪುರದಲ್ಲಿರುವ ನಮ್ಮ ಮನೆಯ ರೇಡಿಯೊಗೆ (ಟ್ರಾನ್ಸ್‌ಫಾರ್ಮರ್ ಇದೆ) ಲ್ಯಾಪ್‌ಟಾಪಿನಿಂದ ವೈರು ಕೊಟ್ಟಿದ್ದೇನೆ. ಲ್ಯಾಪ್‌ಟಾಪು ಬ್ಯಾಟರಿಯ ಮೇಲೆ ನಡೆದಾಗ ಧ್ವನಿ ಸ್ವಚ್ಛವಾಗಿರುತ್ತದೆ, ಚಾರ್ಜರ್ ಹಾಕಿದ ಕೂಡಲೇ ಗುಂಯ್ ಎನ್ನುತ್ತದೆ. ಕಂಡೆನ್ಸರು ಹೋಗಿದೆಯೇ?

ಉತ್ತರ: ಕಂಡೆನ್ಸರು ಹೋಗಿಲ್ಲ. ಹೋಗಿದ್ದರೆ ಲ್ಯಾಪ್‌ಟಾಪಿನ ವೈರನ್ನು ಪೂರ್ತಿ ಕಿತ್ತ ಮೇಲೂ ಗುಂಯ್ ಸದ್ದು ಇರಬೇಕಿತ್ತು. ಲ್ಯಾಪ್‌ಟಾಪಿನ ಮೂರು ಪಿನ್ನಿನ ಚಾರ್ಜರಿನ ಅರ್ಥಿಂಗ್ ಒಂದು ದಾರಿಯಲ್ಲಿ, ರೇಡಿಯೊದ ಅರ್ಥ್ ತಂತಿ ಇನ್ನೊಂದು ದಾರಿಯಲ್ಲಿ ನೆಲ ಸೇರಿ, ನಡುವೆ ನಿಮ್ಮ ಆಡಿಯೊ ವೈರು ಸೇತುವೆಯಾಗಿ, ಒಂದು ಸುತ್ತು ಪೂರ್ಣವಾಗುತ್ತದೆ. ಆ ಸುತ್ತಿನಲ್ಲಿ ಹರಿಯುವ 50 ಹರ್ಟ್ಸ್‌ನ ಸಣ್ಣ ಕರೆಂಟೇ ನಿಮಗೆ ಕೇಳಿಸುತ್ತಿರುವುದು. ಎರಡೂ ಪ್ಲಗ್ಗುಗಳನ್ನು ಒಂದೇ ಬೋರ್ಡಿಗೆ ಹಾಕಿ ನೋಡಿ. ಅಷ್ಟಕ್ಕೆ ಹೋಗದಿದ್ದರೆ 600 ಓಮಿನಿಂದ 600 ಓಮಿಗೆ ಕೊಡುವ ಆಡಿಯೊ ಟ್ರಾನ್ಸ್‌ಫಾರ್ಮರನ್ನು ಆಡಿಯೊ ವೈರಿನ ನಡುವೆ ಹಾಕಿ. ಹಿಂದಿನ ಉತ್ತರದಲ್ಲಿ ಬೇಡವೆಂದ ಅದೇ ಸಣ್ಣ ವಸ್ತು ಇಲ್ಲಿ ಸರಿಯಾಗುತ್ತದೆ, ಏಕೆಂದರೆ ಇಲ್ಲಿ ಅದು ತಡೆಯಬೇಕಾದದ್ದು ಸದ್ದನ್ನು ಮಾತ್ರ, ಜೀವಕ್ಕೆ ಎರವಾಗುವ ಕರೆಂಟನ್ನಲ್ಲ. ಸದ್ದು ಹೋಗಲೆಂದು ಲ್ಯಾಪ್‌ಟಾಪಿನ ಅರ್ಥ್ ಪಿನ್ನನ್ನು ಮುರಿಯುವವರಿದ್ದಾರೆ. ಹಾಗೆ ಎಂದೂ ಮಾಡಬೇಡಿ.

ಪ್ರಶ್ನೆ: ಕಾರಿನಲ್ಲಿ ಬಳಸುವ ಎಫ್‌ಎಂ ಟ್ರಾನ್ಸ್‌ಮಿಟರ್ ತಂದು ಪಕ್ಕದಲ್ಲಿ ಇಟ್ಟೆ. ಹಳೆಯ ರೇಡಿಯೊದಲ್ಲಿ ಏನೂ ಕೇಳುತ್ತಿಲ್ಲ. (ಮುಧೋಳದಿಂದ)

ಉತ್ತರ: ಕೇಳುವುದಿಲ್ಲ. ಆ ಟ್ರಾನ್ಸ್‌ಮಿಟರ್ 88ರಿಂದ 108 ಮೆಗಾಹರ್ಟ್ಸ್ ನಡುವೆ ಎಫ್‌ಎಂ ವಿಧಾನದಲ್ಲಿ ಧ್ವನಿ ಕಳಿಸುತ್ತದೆ, ನಿಮ್ಮ ರೇಡಿಯೊದಲ್ಲಿ ಇರುವುದು ಮಧ್ಯಮ ತರಂಗ ಮತ್ತು ಕಿರು ತರಂಗ ಮಾತ್ರ. ಮಧ್ಯಮ ತರಂಗದಲ್ಲಿ ಕಳಿಸುವ ಸಣ್ಣ ಟ್ರಾನ್ಸ್‌ಮಿಟರುಗಳ ನಕ್ಷೆಗಳು ಸಿಗುತ್ತವಾದರೂ, ನಿಸ್ತಂತು ಪ್ರಸಾರಕ್ಕೆ ನಮ್ಮಲ್ಲಿ ಪರವಾನಗಿಯ ಕಾನೂನು ಇರುವುದರಿಂದ ಆ ದಾರಿಯನ್ನು ನಾನು ಸೂಚಿಸುವುದಿಲ್ಲ. ‘ಪಿ.ಯು.’ ತೂತುಗಳನ್ನು ಹುಡುಕಿ.

ಪ್ರಶ್ನೆ: ನಾವು ಬೀಳಗಿಯವರು. ನಮ್ಮೂರಿನಲ್ಲಿ ಹುಟ್ಟಿದ ಅಮೀರಬಾಯಿ ಕರ್ನಾಟಕಿ ಅವರ ಹಾಡುಗಳನ್ನು ಮೊಬೈಲಿನಿಂದ ವಾಲ್ವ್ ರೇಡಿಯೊದಲ್ಲಿ ಕೇಳಿದರೆ ಎದುರಿಗೇ ಕೂತು ಹಾಡಿದಂತೆ ಇರುತ್ತದೆ. ಮಗ ಈಗಿನ ಸಿನಿಮಾ ಹಾಡು ಹಾಕಿದರೆ ಮಾತ್ರ ಒಡಕು ಧ್ವನಿ ಬರುತ್ತದೆ. ಸ್ಪೀಕರ್ ಹರಿದಿದೆಯೇ?

ಉತ್ತರ: ಸ್ಪೀಕರು ಹರಿದಿದ್ದರೆ ಅಮೀರಬಾಯಿಯವರ ದನಿಯೂ ಒಡೆಯುತ್ತಿತ್ತು. 1930, 40ರ ದಶಕಗಳ ಧ್ವನಿಮುದ್ರಿಕೆಗಳಲ್ಲಿ ತೀರ ಕೆಳಗಿನ ಮತ್ತು ತೀರ ಮೇಲಿನ ಸ್ವರಗಳು ದಾಖಲಾಗುತ್ತಲೇ ಇರಲಿಲ್ಲ. ಮನುಷ್ಯರ ಕಂಠ ಇರುವ ನಡುವಿನ ಭಾಗವೇ ಅದರಲ್ಲಿ ತುಂಬಿರುತ್ತದೆ. ವಾಲ್ವ್ ರೇಡಿಯೊದ ಸ್ಪೀಕರು, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್, ಮರದ ಪೆಟ್ಟಿಗೆ ಎಲ್ಲವೂ ಆ ನಡುವಿನ ಭಾಗಕ್ಕೇ ಹೊಂದಿಕೊಂಡಿವೆ. ಈಗಿನ ಹಾಡುಗಳ ಆಳವಾದ ಡ್ರಮ್ಮಿನ ಏಟನ್ನು ಎರಡು ಮೂರು ವ್ಯಾಟಿನ ಆ ಕೊನೆಯ ವಾಲ್ವ್ ತಾಳಲಾರದು. ಮೊಬೈಲಿನ ಈಕ್ವಲೈಸರಿನಲ್ಲಿ ಬಾಸ್ ಇಳಿಸಿ, ಮೊಬೈಲಿನ ಧ್ವನಿಯನ್ನು ಮುಕ್ಕಾಲಿಗೆ ಇಟ್ಟು, ಏರಿಸುವುದು ಇಳಿಸುವುದನ್ನು ರೇಡಿಯೊದ ಗುಂಡಿಯಿಂದಲೇ ಮಾಡಿ. ಇದಕ್ಕೆ ಹೊಸ ಸ್ಪೀಕರು ಹಾಕಿಸಬೇಡಿ. ಹಳೆಯ ಸ್ಪೀಕರಿನ ಕಾಗದದ ಶಂಕುವಿನಿಂದ ಬರುವ ಆ ನಡುದನಿ ಹೊಸದರಲ್ಲಿ ಬರುವುದಿಲ್ಲ.

ಪ್ರಶ್ನೆ: ಜಮಖಂಡಿಯಲ್ಲಿ ನಮ್ಮ ತಂದೆಯವರು ಹೊಲಕ್ಕೆ ಒಯ್ಯುತ್ತಿದ್ದ, ಚರ್ಮದ ಚೀಲದ ಟ್ರಾನ್ಸಿಸ್ಟರ್ ಇದೆ. ನಾಲ್ಕು ಸೆಲ್ಲುಗಳಲ್ಲಿ ನಡೆಯುತ್ತದೆ. ಅದರೊಳಗೆ ಸಣ್ಣ ಬ್ಲೂಟೂತ್ ಬೋರ್ಡು ಹಾಕಿ, ಅದೇ ಸೆಲ್ಲುಗಳಿಂದ ಕರೆಂಟು ಕೊಟ್ಟೆ. ಬೋರ್ಡು ಬಿಸಿಯಾಗಿ ಸತ್ತುಹೋಯಿತು.

ಉತ್ತರ: ನಾಲ್ಕು ಹೊಸ ಸೆಲ್ಲುಗಳಿಂದ 6 ವೋಲ್ಟಿಗಿಂತಲೂ ತುಸು ಹೆಚ್ಚೇ ಬರುತ್ತದೆ, 5 ವೋಲ್ಟಿನ ಬೋರ್ಡಿಗೆ ಅದೂ ಜಾಸ್ತಿಯೇ. ಆದರೆ ನಿಮ್ಮ ಬೋರ್ಡನ್ನು ಸುಟ್ಟ ಕಾರಣ ಬಹುಶಃ ಬೇರೆಯೇ ಇದೆ. ಒಳಗೆ ಎಸಿ 128 ಎಂಬಂಥ ಜರ್ಮೇನಿಯಮ್ ಟ್ರಾನ್ಸಿಸ್ಟರುಗಳಿವೆಯೇ ನೋಡಿ. ಆ ಕಾಲದ ಪಿಎನ್‌ಪಿ ಟ್ರಾನ್ಸಿಸ್ಟರುಗಳ ಹಲವು ರೇಡಿಯೊಗಳಲ್ಲಿ ಬ್ಯಾಟರಿಯ ಧನ ತುದಿಯನ್ನು ಚಾಸಿಗೆ, ಎಂದರೆ ಎಲ್ಲದಕ್ಕೂ ಸಮಾನವಾದ ನೆಲೆಗೆ, ಸೇರಿಸಿರುತ್ತಾರೆ. ನಿಮ್ಮ ಬ್ಲೂಟೂತ್ ಬೋರ್ಡಿನಲ್ಲಿ ಆ ಸ್ಥಾನ ಇರುವುದು ಋಣ ತುದಿಗೆ. ಒಂದೇ ಬ್ಯಾಟರಿಯಿಂದ ಕರೆಂಟು ಕೊಟ್ಟು, ಆಡಿಯೊ ವೈರಿನಿಂದ ಎರಡರ ನೆಲೆಗಳನ್ನು ಕೂಡಿಸಿದಾಗ, ಬ್ಯಾಟರಿಯ ಎರಡು ತುದಿಗಳು ಬೋರ್ಡಿನ ಮೂಲಕ ಒಂದಾಗಿಬಿಡುತ್ತವೆ. ಬೋರ್ಡಿಗೆ ತನ್ನದೇ ಆದ ಪುಟ್ಟ ರೀಚಾರ್ಜ್ ಬ್ಯಾಟರಿ ಕೊಟ್ಟರೆ ಈ ತೊಂದರೆ ಇಲ್ಲ. ಧ್ವನಿಯನ್ನು ಕಂಡೆನ್ಸರಿನ ಮೂಲಕ ವಾಲ್ಯೂಮ್ ಕಂಟ್ರೋಲಿನ ಮೇಲಿನ ಕಾಲಿಗೆ ಕೊಡಿ. ಸ್ಟೇಷನ್ನಿನ ಧ್ವನಿ ಜೊತೆಗೆ ಸೇರದಂತೆ, ಆ ಕಾಲಿಗೆ ರೇಡಿಯೊ ಕಡೆಯಿಂದ ಬರುವ ವೈರನ್ನು ಕಡಿದು ನಡುವೆ ಎರಡು ದಾರಿಯ ಸಣ್ಣ ಸ್ವಿಚ್ಚು ಹಾಕಿ. ಇಲ್ಲಿ ಶಾಕಿನ ಭಯವಿಲ್ಲ, ನಿಧಾನವಾಗಿ ಕಲಿಯಬಹುದು.

ಪ್ರಶ್ನೆ: ವಾಲ್ವ್‌ಗಳು ಇನ್ನು ಸಿಗುವುದಿಲ್ಲ, ಒಳಗಿನದನ್ನೆಲ್ಲ ತೆಗೆದು ಬ್ಲೂಟೂತ್ ಆಂಪ್ಲಿಫೈಯರ್ ಕೂರಿಸಿಕೊಡುತ್ತೇನೆ ಎಂದು ಒಬ್ಬ ಮೆಕ್ಯಾನಿಕರು ಹೇಳುತ್ತಾರೆ. ಒಪ್ಪಲೇ? (ಗುಳೇದಗುಡ್ಡದಿಂದ)

ಉತ್ತರ: ಒಪ್ಪಬೇಡಿ. ನಿಮ್ಮ ಪತ್ರದ ಪ್ರಕಾರ ರೇಡಿಯೊ ಇನ್ನೂ ಸ್ಟೇಷನ್ ಹಿಡಿಯುತ್ತಿದೆ. ಜೀವಂತವಿರುವ ರೇಡಿಯೊದ ಚಾಸಿಯನ್ನು ತೆಗೆದು ಮೂಲೆಗೆಸೆದು, ಪೆಟ್ಟಿಗೆಯನ್ನು ಮಾತ್ರ ಉಳಿಸಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ವಾಲ್ವ್‌ಗಳು ಸಿಗುವುದೇ ಇಲ್ಲವೆಂಬ ಮಾತೂ ನಿಜವಲ್ಲ. ಹಳೆಯ ದಾಸ್ತಾನಿನವು, ಬಳಸಿದವು ಈಗಲೂ ಕೈ ಬದಲಾಗುತ್ತಿವೆ, ಇಎಲ್ 84ರಂಥವನ್ನು ಹೊರದೇಶಗಳಲ್ಲಿ ಈಗಲೂ ಹೊಸದಾಗಿ ತಯಾರಿಸುತ್ತಾರೆ. ಕೆಲವು ವರ್ಷಗಳ ಹಿಂದೆ ದುರಸ್ತಿಗೆಂದು ನಾನೇ ಒಂದೆಡೆ ಕೊಟ್ಟಿದ್ದ ರೇಡಿಯೊ ಹೀಗೆ ಟೊಳ್ಳಾಗಿ ಮರಳಿ ಬಂತು. ಮುಂಬದಿಯ ಗಾಜಿನ ಹಿಂದೆ ಮ್ಯಾಜಿಕ್ ಐ ಎಂಬ ಹಸಿರು ಕಣ್ಣಿನ ವಾಲ್ವ್ ಇದ್ದ ಜಾಗದಲ್ಲಿ ನೀಲಿ ಎಲ್‌ಇಡಿಯೊಂದು ಮಿಣುಕುತ್ತಿತ್ತು. ಸ್ಟೇಷನ್ನು ಸರಿಯಾಗಿ ಕೂತಾಗ ಬೀಸಣಿಗೆಯಂತೆ ಮುಚ್ಚಿಕೊಳ್ಳುತ್ತಿದ್ದ ಆ ಹಸಿರು ನೆರಳನ್ನು ಮತ್ತೆ ತರಿಸಲು ಆಗಲಿಲ್ಲ, ಏಕೆಂದರೆ ತೆಗೆದ ಭಾಗಗಳನ್ನು ಅವರು ಇಟ್ಟುಕೊಂಡಿರಲಿಲ್ಲ. ಚಾಸಿ ತುಕ್ಕು ಹಿಡಿದು ಪುಡಿಯಾಗಿದ್ದರೆ, ಟ್ರಾನ್ಸ್‌ಫಾರ್ಮರುಗಳೆಲ್ಲ ಸುಟ್ಟಿದ್ದರೆ ಮಾತು ಬೇರೆ. ಅಂಥಲ್ಲಿಯೂ ಮರಕ್ಕೆ ತೂತು ಕೊರೆಯದೆ, ತೆಗೆದದ್ದನ್ನೆಲ್ಲ ಡಬ್ಬಿಯಲ್ಲಿ ಹಾಕಿ ಮರಳಿ ಕೊಡುವಂತೆ ಮೊದಲೇ ಕರಾರು ಮಾಡಿಕೊಳ್ಳಿ.

ಪ್ರಶ್ನೆ: ಬ್ಲೂಟೂತ್ ರಿಸೀವರ್ ಜೋಡಿಸಿದ ಮೇಲೆ ಹಾಡು ಚೆನ್ನಾಗಿ ಬರುತ್ತಿದೆ, ಆದರೆ ರೇಡಿಯೊ ಸ್ಟೇಷನ್ನುಗಳ ಮೇಲೆ ಗರ್ ಎಂಬ ಸದ್ದು ಕೂತಿದೆ. ಧಾರವಾಡ ಸಿಗುತ್ತಲೇ ಇಲ್ಲ. ಡಯಲಿನ ಮೇಲೆ ಮೀಟರ್ ಅಂಕಿಗಳಿವೆ, ಕಿಲೋಹರ್ಟ್ಸ್ ಇಲ್ಲ. (ಬೆಳಗಾವಿಯಿಂದ)

ಉತ್ತರ: ಗರ್ ಎನ್ನುವುದು ಬ್ಲೂಟೂತ್ ರಿಸೀವರಿಗೆ ಕರೆಂಟು ಕೊಡುವ ಚಾರ್ಜರಿನದು. ಈಗಿನ ಚಾರ್ಜರುಗಳು ಕರೆಂಟನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸಿ ವೋಲ್ಟೇಜು ಇಳಿಸುತ್ತವೆ, ಅದರ ಕೊಳೆ ಮಧ್ಯಮ ತರಂಗದ ಉದ್ದಕ್ಕೂ ಹರಡುತ್ತದೆ. ರೇಡಿಯೊ ಕೇಳುವಾಗ ಆ ಚಾರ್ಜರ್ ಪೂರ್ತಿ ಆರುವಂತೆ ಪ್ರತ್ಯೇಕ ಸ್ವಿಚ್ಚು ಹಾಕಿಸಿ, ಪಕ್ಕದ ಎಲ್‌ಇಡಿ ಬಲ್ಬನ್ನೂ ಒಮ್ಮೆ ಆರಿಸಿ ನೋಡಿ. ಏರಿಯಲ್ ವೈರನ್ನು ಚಾರ್ಜರಿನಿಂದ ದೂರ, ಕಿಟಕಿಯ ಹೊರಗೆ ಒಯ್ಯಿರಿ.

ಇನ್ನು ಧಾರವಾಡ. 1950ರ ಜನವರಿ 8ರಂದು ಆರಂಭವಾದ ಆ ನಿಲಯ ಮಧ್ಯಮ ತರಂಗದಲ್ಲಿ ನಮ್ಮ ಭಾಗದ ಕೇಳುಗರಿಗೆ ಪರಿಚಿತವಾಗಿರುವುದು 765 ಕಿಲೋಹರ್ಟ್ಸ್‌ನಲ್ಲಿ. ಕಿಲೋಹರ್ಟ್ಸ್ ಅಂಕಿಯಿಂದ 3,00,000ವನ್ನು ಭಾಗಿಸಿದರೆ ತರಂಗದ ಉದ್ದ ಮೀಟರಿನಲ್ಲಿ ಸಿಗುತ್ತದೆ, ಆ ಪ್ರಕಾರ 765 ಎಂದರೆ 392 ಮೀಟರ್. ಚಾರ್ಜರು ಆರಿಸಿ, ಡಯಲಿನ ಮುಳ್ಳನ್ನು 400ರ ಗುರುತಿಗೆ ತಂದು, ಅಲ್ಲಿಂದ ಕಡಿಮೆ ಅಂಕಿಯ ಕಡೆಗೆ ಕೂದಲೆಳೆಯಷ್ಟು ಸರಿಸಿ ಕಿವಿಗೊಡಿ.